ಬಳ್ಳಿಗೆ ಭಾರವಲ್ಲದ್ದು

ಸೋಲು ನನಗೆ ಹೊಸತಲ್ಲ.
ಆದರೆ ಗೆಲ್ಲುವ ಆಟದ ನಡುವೆ
ಕುದುರೆ ಎತ್ತಿದ್ದೇನೆ, ಇನ್ನೇನು ಇಡಬೇಕು,
ಮೂಲೆಯ ಡಬ್ಬಿಯಲ್ಲಿ ಹಸಿರು ದೀಪ ಕೆಂಪಾಗಿ
ಕುದುರೆ ನಡುಗಾಳಿಯಲ್ಲೇ ಕಲ್ಲಾಗುತ್ತದೆ.
ನನ್ನ ಗಡಿಯಾರ ಮಾತ್ರ ನಡೆಯುತ್ತಲೇ ಇರುತ್ತದೆ
ಎಲ್ಲೋ, ನನ್ನ ಕಣ್ಣಿಗೆ ಬೀಳದ ಕಡೆ.
ದೀಪ ಮರಳಿದಾಗ ತೀರ್ಪು ಸಿದ್ಧ:
ಸಮಯ ಮುಗಿಯಿತು. ನೀವು ಸೋತಿರಿ.

ಕುತಾಯಿಸಿಯ ಏರುಬೀದಿ, ಮೂರನೇ ಮಹಡಿ.
ನಾನು ಎತೆರಿ. ಮೂವತ್ತೆಂಟು ವರ್ಷ ಔಷಧದಂಗಡಿಯಲ್ಲಿ ಕೂತು
ಊರಿನ ಕೆಮ್ಮೆಲ್ಲ ಕೇಳಿದವಳು.
ಈಗ ರಾತ್ರಿ ಒಂಬತ್ತಾದರೆ ಚದುರಂಗ,
ಮುಖ ಕಾಣದವರ ಜೊತೆ.

ಕಂಪನಿಗೆ ಫೋನು ಮಾಡಿದೆ.
ಹದಿನೇಳು ನಿಮಿಷ ಪಿಯಾನೋ ಕೇಳಿಸಿದರು.
ಆಮೇಲೊಂದು ಎಳೆಯ ದನಿ:
ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿ.
ಮಗೂ, ಆ ಮದ್ದು ನಾನೂ ಕೊಡುತ್ತಿದ್ದೆ
ರೋಗ ಏನೆಂದು ತಿಳಿಯದಿದ್ದಾಗ:
ಬಿಸಿನೀರು ಕುಡಿ, ಮಲಗು, ನಾಳೆ ಬಾ.

ಆರಿಸಿದೆ. ಎಣಿಸಿದೆ. ಹಾಕಿದೆ.
ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ, ಕಿಟಕಿಗೆ ತಂದೆ,
ಕೆಳಮನೆಯ ಗುರಾಮ್ ಹೇಳಿದನೆಂದು
ಬೆನ್ನಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದೆ.
ಮದುವೆಗೆ ಹೊರಟಂತೆ ಕಂಡಿತು.
ದೀಪ ಮಾತ್ರ ಕೆಂಪೇ.

ಹಳೇ ಅಭ್ಯಾಸ, ಬರೆದಿಡತೊಡಗಿದೆ.
ಸೋಮವಾರ ೯.೪೦. ಗಾಳಿ.
ಮಂಗಳವಾರ ಏನೂ ಇಲ್ಲ, ಎರಡು ಗೆಲುವು.
ಬುಧವಾರ ೯.೧೫, ೯.೧೮, ೧೦.೦೨. ಗಾಳಿ.
ಗುರುವಾರ ಗಾಳಿಯಿಲ್ಲ, ಜಡಿಮಳೆ, ಆದರೂ ಹೋಯಿತು.
ಶುಕ್ರವಾರ ಗುರಾಮನ ಬೆಕ್ಕು ಬಾಲ್ಕನಿಗೆ ಬಂದಾಗ.
ಇದರ ಮುಂದೆ ಒಂದು ಪ್ರಶ್ನೆಚಿಹ್ನೆ,
ನನಗೇ ನಗು ಬಂದು.

ಜುಲೈಯಲ್ಲಿ ವಾರಕ್ಕೊಮ್ಮೆ ಇದ್ದದ್ದು
ಸೆಪ್ಟೆಂಬರಿಗೆ ದಿನಕ್ಕೆ ಇಪ್ಪತ್ತಾಯಿತು.

ನಾಲ್ಕನೇ ದೂರಿಗೆ ತೋರ್ನಿಕೆ ಎಂಬ ಹುಡುಗ ಬಂದ,
ಹೆಗಲಿಗೆ ಏಣಿ, ಕಿವಿಯ ಸಂದಿಗೆ ಸಿಗರೇಟು.
ಡಬ್ಬಿಯನ್ನು ಮುಟ್ಟಲೂ ಇಲ್ಲ. ಪುಸ್ತಕ ಓದಿದ,
ರೋಗಿಯ ಚೀಟಿ ಓದುವವನ ಹಾಗೆ, ತುಟಿ ಅಲುಗಿಸುತ್ತ.
ಬೆಕ್ಕಿನ ಹತ್ತಿರ ನಿಂತ.
"ಅಮ್ಮಾ, ಅದು ಮೂರನೇ ಮಹಡಿಗೆ ಹೇಗೆ ಬರುತ್ತೆ?"

ಬಾಲ್ಕನಿಯಿಂದ ಬಗ್ಗಿ ನೋಡಿದೆವು ಇಬ್ಬರೂ.

ಗುರಾಮನ ಅಂಗಳದಿಂದ ದ್ರಾಕ್ಷಿಬಳ್ಳಿ
ಇಲ್ಲಿಯ ಎಲ್ಲ ಮನೆಗಳ ಹಾಗೆ ಗೋಡೆ ಹಿಡಿದು ಹತ್ತಿತ್ತು.
ಪಕ್ಕದಲ್ಲೇ ಇಳಿಯುತ್ತಿತ್ತು ನನ್ನ ತಂತಿ.
ಯಾವಾಗಲೋ, ಯಾರನ್ನೂ ಕೇಳದೆ,
ಕುಡಿಗಳು ಅದನ್ನೂ ತಮ್ಮದೇ ಕೊಂಬೆ ಎಂದುಕೊಂಡವು.
ಗೊಂಚಲು ಗೊಂಚಲು ಕಪ್ಪು ಇಸಾಬೆಲ್ಲಾ,
ಬೆರಳಂತೆ ಒಂದೊಂದೇ ಸುತ್ತು, ಬಿಡಿಸಲಾಗದ್ದು.
ಬಳ್ಳಿಗೆ ಕಾಯಿ ಭಾರವಲ್ಲ, ಒಪ್ಪಿದೆ.
ತಂತಿಗೆ ಭಾರ.
ಗೋಡೆಯ ಪೆಟ್ಟಿಗೆಯಲ್ಲಿ ತಾಮ್ರದ ತುದಿ
ಕೂದಲೆಳೆಯಲ್ಲಿ ಹಿಡಿದುಕೊಂಡಿತ್ತು.
ಮಳೆ ಕುಡಿದ ಹಣ್ಣು ಅದನ್ನು ಎಳೆಯುತ್ತಿತ್ತು.
ಗಾಳಿ ಎಳೆಯುತ್ತಿತ್ತು. ಬೆಕ್ಕೂ.

ತೋರ್ನಿಕೆ ಕತ್ತರಿ ತೆಗೆದ.
ಕೆಳಗಿನಿಂದ ಗುರಾಮ್ ಬಾಯಿಗೆ ಬಂದದ್ದನ್ನೆಲ್ಲ ಅಂದ,
ಹುಡುಗನ ಅಜ್ಜನವರೆಗೂ ಹೋದ.
"ಇನ್ನು ಹನ್ನೆರಡು ದಿನಕ್ಕೆ ಹಣ್ಣು!"
"ಅಲ್ಲಿಯವರೆಗೆ ಇವರ ಇಂಟರ್ನೆಟ್ಟು?"
"ಪುಸ್ತಕ ಓದಲಿ!"

ಒಳಗೆ ಹೋಗಿ ಅಂಗಡಿಯ ಕಾಲದ ಚಿಮುಟ ತಂದೆ.

ಸಂಜೆಯಿಡೀ ಬಿಡಿಸಿದೆವು.
ಬಾಲ್ಕನಿಯಿಂದ ನಾನು, ಏಣಿಯಿಂದ ಅವನು,
ಏಣಿ ಹಿಡಿದು ಇನ್ನೂ ಬೈಯುತ್ತ ಗುರಾಮ್.
ಒಣಗಿದ ಕುಡಿಗಳು ಸ್ಪ್ರಿಂಗಿನ ಹಾಗೆ ಬಿಗಿ,
ಎಳೆಯವು ಬಿಡಿಸಿದೊಡನೆ
ಮತ್ತೇನಾದರೂ ಹಿಡಿಯಲು ತಡಕಾಡುತ್ತಿದ್ದವು.
ಒಂದು ನನ್ನ ಕಿರುಬೆರಳಿಗೇ ತಾಗಿತು,
ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.
ಅವಕ್ಕೊಂದು ದಪ್ಪ ಹಗ್ಗ ಕಟ್ಟಿ,
ತಾಮ್ರಕ್ಕೆ ಹೊಸ ತುದಿ ಹಾಕಿ,
ಹುಡುಗ ಕೂಲಿ ಬೇಡವೆಂದ. ಒಂದು ಗೊಂಚಲು ಕಿತ್ತು
ಹುಳಿಗೆ ಒಂದು ಕಣ್ಣು ಮುಚ್ಚಿ ತಿನ್ನುತ್ತ ಮೆಟ್ಟಿಲಿಳಿದ.

ರಾತ್ರಿ ಹತ್ತು. ಗಾಳಿ ಎದ್ದಿತು.
ಬೆಕ್ಕು ಹಗ್ಗ ಹತ್ತಿ ಬಂದು ಕಿಟಕಿಯಲ್ಲಿ ಕೂತಿತು.
ಎದುರಾಳಿಯ ಆನೆ ಕಾಣದೆ
ಮಂತ್ರಿಯನ್ನು ಬಲಿಗಿಟ್ಟೆ, ನಾನೇ, ನನ್ನ ಕೈಯಾರೆ.
ಮೂವತ್ತೊಂದನೇ ನಡೆಗೆ ರಾಜ ಸಿಕ್ಕಿಬಿದ್ದ.

ತಿರುಗಿ ನೋಡಿದೆ ಮೂಲೆಯ ಡಬ್ಬಿಯನ್ನು.
ಹಸಿರು.
ಹಾಳೆ ಹೊದ್ದು, ಸಜ್ಜಾಗಿ, ಹಸಿರಾಗೇ ಇತ್ತು.
ಬೈಯಲು ಯಾರೂ ಉಳಿದಿರಲಿಲ್ಲ.